ಕರಾವಳಿಯ ಸುಣ್ಣಕಲ್ಲಿನ ಗುಹೆ ನೋಡಲು ಹೋಗುವವರಿಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕರಾವಳಿಯ ಗುಹೆಯ ಬಾಯಿಗೆ ತಲುಪಿದ ಕೂಡಲೇ ನಾನು ಮೊದಲು ಮಾಡುವ ಕೆಲಸ ಇದು: ನೀರಿನ ಅಂಚಿನಲ್ಲಿ, ಮರಳಿಗೆ ಒಂದು ಕಡ್ಡಿ ಚುಚ್ಚುತ್ತೇನೆ. ಶೂ ಲೇಸ್ ಬಿಗಿದು, ಹೆಲ್ಮೆಟ್ ಪಟ್ಟಿ ಹಾಕಿ, ದೀಪಗಳನ್ನೆಲ್ಲ ಒಮ್ಮೆ ಹಚ್ಚಿ ನೋಡುವಷ್ಟರಲ್ಲಿ ಹತ್ತು ಹದಿನೈದು ನಿಮಿಷ ಆಗಿರುತ್ತದೆ. ಆಮೇಲೆ ಕಡ್ಡಿ ನೋಡುತ್ತೇನೆ. ನೀರು ಕಡ್ಡಿಯಿಂದ ಒಂದು ಗೇಣು ಹಿಂದೆ ಸರಿದು ಒದ್ದೆ ಮರಳು ಬಿಟ್ಟಿದ್ದರೆ ಇಳಿತ ಇನ್ನೂ ನಡೆಯುತ್ತಿದೆ. ಕಡ್ಡಿಯ ಬುಡ ಮುಳುಗಿ, ಅದರ ಸುತ್ತ ಪುಟ್ಟ ಅಲೆ ಸುಳಿಯುತ್ತಿದ್ದರೆ ಸಮುದ್ರ ವಾಪಸ್ ಬರಲು ಶುರು ಮಾಡಿದೆ. ಆಗ ಕೈಯಲ್ಲಿರುವ ಉಬ್ಬರವಿಳಿತದ ವೇಳಾಪಟ್ಟಿ ಏನೇ ಹೇಳಲಿ, ನಾನು ಒಳಗೆ ಹೋಗುವುದಿಲ್ಲ.

ಈ ಗುಹೆಗಳನ್ನು ಮಾಡಿದ್ದು ನೀರು. ಇವತ್ತಿಗೂ ಅವು ನೀರಿನವೇ. ಮೇಲಿಂದ ಮಳೆ, ಕೆಳಗಿಂದ ಸಮುದ್ರ, ಎರಡೂ ಕಡೆಯಿಂದ ನೀರು ಬರುವ ಜಾಗ ಅದು. ಅದಕ್ಕೇ ಇಡೀ ಬರಹದಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ವಾಪಸ್ ಹೊರಡುವ ಗಂಟೆಯನ್ನು ಒಳಗೆ ಕಾಲಿಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಇಲ್ಲಿ ಹೇಳುವುದು ನಡೆದುಕೊಂಡೋ ದೋಣಿಯಲ್ಲೋ ನೋಡಬಹುದಾದ ಗುಹೆಗಳ ಬಗ್ಗೆ. ಹಗ್ಗ ಕಟ್ಟಿ ಇಳಿಯುವ ಬಾವಿಯಂಥ ಗುಹೆ, ನೀರಿನೊಳಗೆ ಡೈವ್ ಮಾಡುವ ಗುಹೆ, ಇವೆರಡಕ್ಕೂ ಬೇರೆಯೇ ತರಬೇತಿ ಬೇಕು. ಬರಹ ಓದಿ ಕಲಿಯುವ ವಿದ್ಯೆ ಅದಲ್ಲ.

ಮೊದಲು ಗುಹೆಯನ್ನು ಅರ್ಥ ಮಾಡಿಕೊಳ್ಳಿ

ಮಳೆನೀರು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳು ಆಮ್ಲವಾಗುತ್ತದೆ. ಸುಣ್ಣಕಲ್ಲಿನ ಬಿರುಕಿಗೆ ಇಳಿದು ಕಲ್ಲನ್ನು ಕರಗಿಸುತ್ತದೆ. ಬಿಸಿಲು, ಮಳೆ, ದಟ್ಟ ಕಾಡು ಮೂರೂ ಇರುವ ಉಷ್ಣವಲಯದ ಮಣ್ಣಿನಲ್ಲಿ ಈ ಅನಿಲ ತುಂಬಾ ಇರುತ್ತದೆ. ಅದಕ್ಕೇ ಅಲ್ಲಿ ಕಲ್ಲು ಬೇಗ ಕರಗುತ್ತದೆ.

ಕರಾವಳಿಯಲ್ಲಿ ಇನ್ನೊಂದು ವಿಶೇಷ ಇದೆ. ನೆಲದೊಳಗಿನ ಸಿಹಿನೀರು ಮತ್ತು ಸಮುದ್ರದ ಉಪ್ಪುನೀರು ಭೇಟಿಯಾಗುವ ಪಟ್ಟಿಯೊಂದು ಇರುತ್ತದೆ. ಎರಡೂ ನೀರು ಬೇರೆ ಬೇರೆಯಾಗಿದ್ದಾಗ ಸುಣ್ಣವನ್ನು ಹೊಟ್ಟೆ ತುಂಬ ಕುಡಿದು, ಇನ್ನು ಸಾಕು ಅನ್ನುವ ಸ್ಥಿತಿಯಲ್ಲಿರಬಹುದು. ಆದರೆ ಬೆರೆತ ಕೂಡಲೇ ಆ ಮಿಶ್ರಣಕ್ಕೆ ಮತ್ತೆ ಹಸಿವು ಬರುತ್ತದೆ, ಕಲ್ಲನ್ನು ತಿನ್ನತೊಡಗುತ್ತದೆ. ಮೆಕ್ಸಿಕೋದ ಯುಕಟಾನ್‌ನಲ್ಲಿ ನೆಲದಡಿಯ ಗುಹೆಗಳ ದೊಡ್ಡ ಜಾಲವೇ ಇದೆ. ಅದರ ಹಿಂದೆ ಈ ಕ್ರಿಯೆಯ ಪಾಲು ದೊಡ್ಡದು.

ಸಮುದ್ರಮಟ್ಟವೂ ಒಂದೇ ಕಡೆ ನಿಂತಿಲ್ಲ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ತುದಿಯಲ್ಲಿ, ಅದು ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್‌ನಲ್ಲಿ ಇವತ್ತು ನೀರಿನ ಆಳದಲ್ಲಿ ದೊಡ್ಡ ದೊಡ್ಡ ಸುಣ್ಣದ ತೊಂಗಲುಗಳು ತೂಗುತ್ತಿವೆ. ತೊಟ್ಟಿಕ್ಕುವ ಹನಿಯಿಂದ ಆಗುವ ರಚನೆ ನೀರಿನೊಳಗೆ ಹುಟ್ಟಲು ಸಾಧ್ಯವೇ ಇಲ್ಲ, ಅಲ್ವಾ? ಅಂದರೆ ಆ ಜಾಗ ಒಂದು ಕಾಲದಲ್ಲಿ ಒಣ ಗುಹೆಯಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಕರಾವಳಿಯ ಎಷ್ಟೋ ಗುಹೆಗಳ ಕೆಳಗಿನ ದಾರಿಗಳು ಹೀಗೇ ಮುಳುಗಿವೆ. ನೀವು ನಿಂತ ಸಣ್ಣ ಕೊಳ ನಿಜಕ್ಕೂ ಕೊಳ ಆಗಿರಬೇಕಿಲ್ಲ. ಸಮುದ್ರಕ್ಕೆ ನೇರ ಸಂಪರ್ಕ ಇರುವ ಕೊಳವೆಯ ಬಾಯಿ ಆಗಿರಬಹುದು.

ಹಂತ 1: ಸರಿಯಾದ ಗುಹೆ, ಸರಿಯಾದ ಜೊತೆ

ಮೊದಲ ಸಲ ಹೋಗುವವರು ಜನರಿಗೆ ತೆರೆದಿಟ್ಟ, ಮಾರ್ಗದರ್ಶಕರು ಇರುವ ಗುಹೆಯಿಂದಲೇ ಶುರು ಮಾಡಿ. ಫಿಲಿಪ್ಪೀನ್ಸ್‌ನ ಪಲವಾನ್ ದ್ವೀಪದಲ್ಲಿ ಪುವೆರ್ಟೊ ಪ್ರಿನ್ಸೆಸಾದ ನೆಲದಡಿಯ ನದಿ ಇದೆ. ಸುಮಾರು 8.2 ಕಿಲೋಮೀಟರ್ ಗುಹೆಯೊಳಗೇ ಹರಿದು ನೇರ ಸಮುದ್ರ ಸೇರುತ್ತದೆ. ಅದರ ಕೆಳಭಾಗದಲ್ಲಿ ಉಬ್ಬರವಿಳಿತದ ಪ್ರಭಾವ ಕಾಣುತ್ತದೆ. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹೆಲ್ಮೆಟ್ ಹಾಕಿಕೊಂಡು ದೋಣಿಯಲ್ಲಿ ಕೂತು, ಅನುಮತಿ ಇರುವಷ್ಟು ದೂರ ನೋಡಿ ಬರಬಹುದು. ಅಂಡಮಾನ್‌ನ ಬಾರಾಟಾಂಗ್‌ನಲ್ಲಿ ಕಾಂಡ್ಲಾ ಕಾಡಿನ ನಡುವಿನ ಕಿರುಹೊಳೆಯಲ್ಲಿ ದೋಣಿ ಹೋಗುತ್ತದೆ, ಆಮೇಲೆ ಸ್ವಲ್ಪ ನಡಿಗೆ. ಅಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಸ್ತೆಯಲ್ಲಿ ಹೋದರೆ ಜಾರವಾ ಜನರ ಮೀಸಲು ಪ್ರದೇಶ ದಾಟಬೇಕು. ಅವರ ಫೋಟೋ ತೆಗೆಯುವುದು, ಅವರಿಗೆ ಏನಾದರೂ ಕೊಡುವುದು ಕಾನೂನಿಗೆ ವಿರುದ್ಧ. ಇಂಥ ನಿಯಮಗಳನ್ನು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಊರಿನ ಜನರ ತಿಳಿವಳಿಕೆಗೆ ಬೆಲೆ ಕೊಡಿ. ವಿಯೆಟ್ನಾಂನ ಸೋನ್ ದೂಂಗ್ ಜಗತ್ತಿನ ಅತಿ ದೊಡ್ಡ ಗುಹೆಗಳಲ್ಲಿ ಒಂದು. ಅದರ ಬಾಯನ್ನು ಮೊದಲು ಕಂಡವರು ಕಾಡಿನಲ್ಲಿ ಓಡಾಡುತ್ತಿದ್ದ ಅಲ್ಲಿನವರೇ ಆದ ಹೊ ಖಾನ್. 2009ರಲ್ಲಿ ಬ್ರಿಟಿಷ್ ಗುಹಾ ತಂಡವನ್ನು ಅಲ್ಲಿಗೆ ಕರೆದೊಯ್ದವರೂ ಅವರೇ. ಯಾವ ಗುಹೆಗೆ ಎಷ್ಟು ಮಳೆಗೆ ನೀರು ನುಗ್ಗುತ್ತದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರುತ್ತದೆ.

ಒಬ್ಬರೇ ಯಾವತ್ತೂ ಹೋಗಬೇಡಿ. ನಾಲ್ಕು ಜನ ಇದ್ದರೆ ಒಳ್ಳೆಯದು. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಯಲ್ಲಿ ಕೂರಬಹುದು, ಇಬ್ಬರು ಒಟ್ಟಿಗೆ ಹೊರಗೆ ಹೋಗಿ ಸಹಾಯ ತರಬಹುದು. ಹೊರಗೆ ಇರುವ ಒಬ್ಬರಿಗೆ ಹೇಳಿ ಹೋಗಿ: ಯಾವ ಗುಹೆ, ಎಷ್ಟು ಜನ, ಎಷ್ಟು ಗಂಟೆಗೆ ಹೊರಗೆ ಬರುತ್ತೇವೆ, ಎಷ್ಟು ಗಂಟೆಯ ತನಕ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ಬಾಯಿಮಾತಲ್ಲಿ ಬಿಡಬೇಡಿ, ಬರೆದುಕೊಡಿ.

ಹಂತ 2: ಮಳೆಯ ಲೆಕ್ಕ

2018ರ ಜೂನ್ 23ರಂದು ಥಾಯ್ಲೆಂಡಿನ ಥಾಮ್ ಲುಆಂಗ್ ಗುಹೆಗೆ ಫುಟ್‌ಬಾಲ್ ತಂಡದ 12 ಹುಡುಗರು ಮತ್ತು ಅವರ ಕೋಚ್ ಹೋದರು. ಗುಹೆ ಕರಾವಳಿಯದ್ದಲ್ಲ, ಆದರೆ ಪಾಠ ಎಲ್ಲ ಉಷ್ಣವಲಯಕ್ಕೂ ಒಂದೇ. ಜುಲೈಯಿಂದ ನವೆಂಬರ್ ತನಕ ಪ್ರವಾಹದ ಅಪಾಯ ಇದೆ ಎಂಬ ಫಲಕ ಗುಹೆಯ ಹೊರಗೆ ಇತ್ತು. ಅವರು ಹೋಗಿದ್ದು ಅದಕ್ಕೆ ಒಂದು ವಾರ ಮೊದಲು. ಮಳೆ ಫಲಕ ನೋಡಿ ಬರಲಿಲ್ಲ. ಹಿಂದಿನ ದಾರಿ ಮುಚ್ಚಿತು. ಜುಲೈ 2ಕ್ಕೆ ಡೈವರ್‌ಗಳು ಅವರನ್ನು ಪತ್ತೆ ಮಾಡಿದರು. ಜುಲೈ 10ರ ಹೊತ್ತಿಗೆ ಹದಿಮೂರೂ ಜನ ಹೊರಗೆ ಬಂದರು. ಆದರೆ ಜುಲೈ 6ರಂದು, ಒಳಗೆ ಉಸಿರಾಟದ ಗಾಳಿಯ ಸಿಲಿಂಡರ್‌ಗಳನ್ನು ಇಟ್ಟು ವಾಪಸ್ ಬರುವಾಗ, ಸಮನ್ ಕುನಾನ್ ಎಂಬ ಮಾಜಿ ನೌಕಾದಳದ ಡೈವರ್ ತೀರಿಕೊಂಡರು.

ಮಳೆಗಾಲ ಎಲ್ಲ ಕಡೆ ಒಂದೇ ತಿಂಗಳಲ್ಲಿ ಬರುವುದಿಲ್ಲ. ಥಾಯ್ಲೆಂಡಿನ ಪಶ್ಚಿಮ ಕರಾವಳಿಗೆ ಮೇಯಿಂದ ಅಕ್ಟೋಬರ್ ಮಳೆಯ ಕಾಲ. ವಿಯೆಟ್ನಾಂನ ನಡು ಕರಾವಳಿಗೆ ದೊಡ್ಡ ಪ್ರವಾಹ ಬರುವುದು ಸೆಪ್ಟೆಂಬರ್‌ನಿಂದ ನವೆಂಬರ್ ಹೊತ್ತಿಗೆ. ಹಾಗಾಗಿ ಒಂದು ದೇಶದ ಲೆಕ್ಕವನ್ನು ಇನ್ನೊಂದಕ್ಕೆ ಹಾಕಬೇಡಿ.

ಬೇಸಿಗೆಯಲ್ಲೇ ಹೋದರೂ ಹಿಂದಿನ ಎರಡು ಮೂರು ದಿನ ಮಳೆ ಬಂದಿತ್ತಾ ಅಂತ ಕೇಳಿ. ಗುಹೆಯ ಮೇಲಿನ ಆಕಾಶ ಮಾತ್ರ ನೋಡಿದರೆ ಸಾಲದು. ಗುಹೆಗೆ ನೀರು ತರುವ ಬೆಟ್ಟ ಎಷ್ಟೋ ಕಿಲೋಮೀಟರ್ ದೂರ ಇರಬಹುದು. ಅಲ್ಲಿ ಮೋಡ ಕಪ್ಪಾಗಿದ್ದರೆ ಇಲ್ಲಿ ಬಿಸಿಲಿದ್ದರೂ ಹೋಗಬೇಡಿ. ನೆಲ ಮೊದಲೇ ನೆನೆದಿದ್ದರೆ ಇನ್ನೊಂದು ಮಳೆ ಇಂಗದೆ ನೇರ ಒಳಗೆ ಹರಿಯುತ್ತದೆ.

ಹಂತ 3: ಉಬ್ಬರವಿಳಿತದ ಲೆಕ್ಕ

ಜಾಸ್ತಿ ಜನ ತಪ್ಪು ಮಾಡುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಳಿತದ ತುದಿಯಿಂದ ಉಬ್ಬರದ ತುದಿಗೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಆದರೆ ಎಲ್ಲ ಕಡೆ ಹೀಗೇ ಅಂದುಕೊಳ್ಳಬೇಡಿ. ವಿಯೆಟ್ನಾಂನ ಹಾ ಲಾಂಗ್ ಕೊಲ್ಲಿಯ ಕಡೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಉಬ್ಬರ, ಒಂದೇ ಇಳಿತ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ವ್ಯತ್ಯಾಸ ಕಡಿಮೆ. ಹೊಸಬರಿಗೆ ಅಷ್ಟಮಿಯ ಸುತ್ತಿನ ದಿನಗಳೇ ಒಳ್ಳೆಯದು. ಹುಣ್ಣಿಮೆಯ ಇಳಿತದಲ್ಲಿ ಬೇರೆ ದಿನ ಕಾಣದ ಬಾಯಿಗಳೂ ತೆರೆದುಕೊಳ್ಳುತ್ತವೆ, ನಿಜ. ಆದರೆ ಅವು ಅಷ್ಟೇ ಬೇಗ ಮುಚ್ಚಿಕೊಳ್ಳುತ್ತವೆ.

ನೀರು ಏರುವ ವೇಗ ಒಂದೇ ಸಮ ಇರುವುದಿಲ್ಲ. ನಾವಿಕರು ಬಳಸುವ ಹನ್ನೆರಡರ ಲೆಕ್ಕ ನೆನಪಿಡಿ: ಆರು ಗಂಟೆಯಲ್ಲಿ ಒಟ್ಟು ಏರಿಕೆಯ 12 ಭಾಗದಲ್ಲಿ ಕ್ರಮವಾಗಿ 1, 2, 3, 3, 2, 1 ಭಾಗ. ಒಟ್ಟು ಏರಿಕೆ 3 ಮೀಟರ್ ಇದ್ದರೆ ಮೊದಲ ಗಂಟೆಯಲ್ಲಿ 25 ಸೆಂಟಿಮೀಟರ್. ಎರಡನೇ ಗಂಟೆಯಲ್ಲಿ 50. ಮೂರನೆಯದರಲ್ಲಿ 75, ನಾಲ್ಕನೆಯದರಲ್ಲೂ 75. ಮೊದಲ ಗಂಟೆ ನೋಡಿ "ಏನೂ ಏರುತ್ತಿಲ್ಲವಲ್ಲ" ಅಂತ ಒಳಗೇ ಕೂತವರನ್ನು ಮೂರನೇ ಗಂಟೆ ಹಿಡಿಯುತ್ತದೆ. ದಿನಕ್ಕೆ ಎರಡು ಉಬ್ಬರ ಬರುವ ಕಡೆಗೆ ಇದು ಒಳ್ಳೆಯ ಅಂದಾಜು, ಅಷ್ಟೇ. ಸೆಂಟಿಮೀಟರ್ ಲೆಕ್ಕಕ್ಕೆ ಇದನ್ನು ನಂಬಬೇಡಿ.

ಅದೇ 3 ಮೀಟರ್ ಏರಿಕೆಗೆ ಒಂದು ಉದಾಹರಣೆ ನೋಡೋಣ. ಇಳಿತದ ತುದಿ ಬೆಳಿಗ್ಗೆ 10:30. ನೀರು ಇನ್ನೂ ಇಳಿಯುತ್ತಿರುವ 9 ಗಂಟೆಗೆ ಒಳಗೆ ಹೋಗಿ. ತಿರುಗುವ ಸಮಯ 10:15. ಅಂದರೆ ಇಳಿತ ಮುಗಿಯುವ ಮೊದಲೇ ಮುಖ ಹೊರಗಿನ ಕಡೆ. ಹೋಗಲು ಹಿಡಿದಷ್ಟೇ ಸಮಯ ಬರಲೂ ಬೇಕು. 11:30ಕ್ಕೆ ಹೊರಗೆ. ನೀರು ಆಗ 25 ಸೆಂಟಿಮೀಟರ್ ಅಷ್ಟೇ ಏರಿರುತ್ತದೆ. ಯಾರದ್ದಾದರೂ ಕಾಲು ಉಳುಕಿ ಅರ್ಧ ಗಂಟೆ ತಡವಾದರೂ ದಾರಿ ಇರುತ್ತದೆ.

ವೇಳಾಪಟ್ಟಿಯಲ್ಲಿರುವ ಸಮಯ ಹತ್ತಿರದ ಬಂದರಿನದ್ದು. ನಿಮ್ಮ ಗುಹೆ ಕಿರುಹೊಳೆಯ ಒಳಗಿದ್ದರೆ ಸಮಯ ಹಿಂದೆ ಮುಂದೆ ಆಗುತ್ತದೆ. ತೀರದ ಕಡೆ ಜೋರಾಗಿ ಗಾಳಿ ಬೀಸಿದರೆ, ವಾಯುಭಾರ ಕುಸಿದಿದ್ದರೆ, ನೀರು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಮೇಲೇ ಇರುತ್ತದೆ. ಕಡ್ಡಿ ಚುಚ್ಚುವುದು ಅದಕ್ಕೇ.

ಥಾಯ್ಲೆಂಡಿನ ಫಾಂಗ್ ಙಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ದ್ವೀಪಗಳ ಹೊಟ್ಟೆಯಲ್ಲಿ ಆಕಾಶಕ್ಕೆ ತೆರೆದ ಕೊಳಗಳಿವೆ. ಅಲ್ಲಿ ಅವಕ್ಕೆ ಹೊಂಗ್ ಅನ್ನುತ್ತಾರೆ, ಕೋಣೆ ಅಂತ ಅರ್ಥ. ಕೆಲವಕ್ಕೆ ಕಯಾಕ್‌ನಲ್ಲಿ ಸುರಂಗದ ಮೂಲಕವೇ ಹೋಗಬೇಕು. ನೀರು ಸರಿಯಾದ ಮಟ್ಟದಲ್ಲಿದ್ದಾಗ ಮಾತ್ರ ದಾರಿ. ಮಟ್ಟ ಏರಿದರೆ ಚಾವಣಿ ತಲೆಗೆ ತಾಗುತ್ತದೆ, ಕೊನೆಗೆ ಗಾಳಿಗೆ ಜಾಗವೇ ಇಲ್ಲ. ಅಲ್ಲಿ ಅಂಗಾತ ಮಲಗಿ ಹೋಗುವಾಗ ಚಾವಣಿಗೆ ಅಂಟಿದ ಸಿಂಪಿಗಳು ಮೂಗಿನ ಮೇಲೆಯೇ ಕಾಣುತ್ತವೆ. ಸಿಂಪಿ ಬದುಕಬೇಕಾದರೆ ಅಲ್ಲಿ ದಿನವೂ ನೀರು ಬರಬೇಕು. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಾ?

ಹಂತ 4: ಸಾಮಾನು

ಹೆಲ್ಮೆಟ್ ಬೆಟ್ಟ ಹತ್ತುವವರದ್ದು ಇರಲಿ, ಗಲ್ಲದ ಪಟ್ಟಿ ಗಟ್ಟಿ ಇರಲಿ. ಬೈಕ್ ಹೆಲ್ಮೆಟ್ ಬೇಡ. ಅದರಲ್ಲಿ ಕಿವಿ ಕೇಳುವುದಿಲ್ಲ, ಪಕ್ಕ ಕಾಣುವುದಿಲ್ಲ.

ದೀಪ ಪ್ರತಿಯೊಬ್ಬರ ಬಳಿ ಮೂರು. ಒಂದು ಹೆಲ್ಮೆಟ್ ಮೇಲೆ, ಇನ್ನೊಂದು ಅಷ್ಟೇ ಬೆಳಕಿನ ಹೆಡ್‌ಲ್ಯಾಂಪ್ ಚೀಲದಲ್ಲಿ, ಮೂರನೆಯದು ಪುಟ್ಟ ಟಾರ್ಚ್ ಕುತ್ತಿಗೆಯಲ್ಲಿ. ಫೋನಿನ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಮ್ಮೆ ನನ್ನ ಎರಡನೇ ದೀಪದ ಬ್ಯಾಟರಿ ಚೀಲದಲ್ಲೇ ಖಾಲಿಯಾಗಿತ್ತು, ಬಟನ್ ಒತ್ತಿಕೊಂಡು ತಾನೇ ಉರಿದು. ಮೂರನೆಯದು ಕುತ್ತಿಗೆಯಲ್ಲಿ ಇದ್ದದ್ದಕ್ಕೆ ಹೊರಗೆ ಬಂದೆ. ಅವತ್ತಿನಿಂದ ಹೆಚ್ಚುವರಿ ದೀಪದ ಒಂದು ಬ್ಯಾಟರಿಯನ್ನು ತಿರುಗಿಸಿ ಹಾಕಿಡುತ್ತೇನೆ. ಬೇಕಾದಾಗ ಸರಿ ಮಾಡಿದರಾಯಿತು. ಕತ್ತಲಲ್ಲೂ ಕೈ ತಡವರಿಸದ ಹಾಗೆ ಇದನ್ನು ಮನೆಯಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡಿ.

ಬಟ್ಟೆ ತೆಳುವಾದ, ಬೇಗ ಒಣಗುವ ತುಂಬುತೋಳಿನದ್ದು. ಜೀನ್ಸ್ ಬೇಡ. ಕಾಲಿಗೆ ಹಿಡಿತ ಇರುವ ಶೂ, ಚಪ್ಪಲಿ ಅಲ್ಲ. ಸಮುದ್ರದ ಪಕ್ಕದ ಸುಣ್ಣಕಲ್ಲು ಗರಗಸದ ಹಾಗಿರುತ್ತದೆ, ಗ್ಲೌಸ್ ಬೇಕೇ ಬೇಕು. ದೋಣಿ ಇದ್ದರೆ ಲೈಫ್ ಜಾಕೆಟ್.

ಉಷ್ಣವಲಯದ ಗುಹೆಯೊಳಗೆ ತಂಪು ಎಂದು ಭಾವಿಸಬೇಡಿ. ಒಳಗಿನ ಬಿಸಿ ಹೊರಗಿನ ಇಡೀ ವರ್ಷದ ಸರಾಸರಿಯ ಹತ್ತಿರ ಇರುತ್ತದೆ, ಜೊತೆಗೆ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ. ತಲೆ ಸುತ್ತು, ವಾಂತಿ, ಸಿಡಿಮಿಡಿ ಬಂದರೆ ಮೈ ಬಿಸಿಯೇರಿದೆ ಅಂತ ಅರ್ಥ. ಒಬ್ಬೊಬ್ಬರಿಗೆ ಕುಡಿಯಲು ಕನಿಷ್ಠ ಎರಡು ಲೀಟರ್ ನೀರು, ಒಂದಿಷ್ಟು ಓಆರ್‌ಎಸ್ ಇರಲಿ. ಸೀಟಿ, ಪ್ರಥಮ ಚಿಕಿತ್ಸೆಯ ಡಬ್ಬಿ, ನೀರು ತಾಗದ ಚೀಲ, ಮೈಗೆ ಸುತ್ತುವ ತೆಳು ಫಾಯಿಲ್ ಹೊದಿಕೆ, ಒಂದು ಖಾಲಿ ಬಾಟಲಿ. ಖಾಲಿ ಬಾಟಲಿ ಮೂತ್ರಕ್ಕೆ. ಗುಹೆಯೊಳಗೆ ಏನನ್ನೂ ಬಿಟ್ಟು ಬರುವ ಹಾಗಿಲ್ಲ.

ಹಂತ 5: ಬಾಯಲ್ಲಿ ಐದು ನಿಮಿಷ

ಕಡ್ಡಿ ಆಯಿತು. ಈಗ ಗೋಡೆ ನೋಡಿ. ಒಣ ಎಲೆ, ಕಡ್ಡಿ, ಪ್ಲಾಸ್ಟಿಕ್ ಚೂರು ಎಷ್ಟು ಎತ್ತರದ ಬಿರುಕಿನಲ್ಲಿ ಸಿಕ್ಕಿಕೊಂಡಿದೆ? ನೀರು ಅಷ್ಟು ಎತ್ತರ ಬಂದಿತ್ತು ಅಂತ ಅರ್ಥ. ಒಣಗಿದ ನೊರೆಯ ಕಲೆ, ಕಂಬದ ಮೇಲಿನ ಹೊಸ ಕೆಸರು ಕೂಡ ಅದನ್ನೇ ಹೇಳುತ್ತವೆ. ಈ ಗುರುತು ನಿಮ್ಮ ತಲೆಗಿಂತ ಮೇಲಿದ್ದರೆ, ಒಳಗೆ ಹೋಗುತ್ತಾ ಅದಕ್ಕಿಂತ ಎತ್ತರದ ಜಾಗಗಳನ್ನು ಗಮನಿಸಿಕೊಂಡೇ ಹೋಗಿ.

ತಿರುಗುವ ಗಂಟೆಯನ್ನು ಎಲ್ಲರೂ ಜೋರಾಗಿ ಹೇಳಿ, ವಾಚ್‌ನಲ್ಲಿ ಅಲಾರಂ ಇಡಿ. ಗುಂಪಿನಲ್ಲಿ ಯಾರಿಗೇ ಸಾಕು ಅನಿಸಿದರೂ ಎಲ್ಲರೂ ವಾಪಸ್, ಕಾರಣ ಕೇಳುವ ಹಾಗಿಲ್ಲ. ಇದನ್ನು ಬಾಯಲ್ಲೇ ಒಪ್ಪಿಕೊಳ್ಳಿ.

ಹಂತ 6: ಒಳಗಿನ ನಡಿಗೆ

ಎರಡು ಕಾಲು ಒಂದು ಕೈ, ಅಥವಾ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಕಡೆ ಆಧಾರ ಇರಲಿ. ಜಿಗಿಯಬೇಡಿ. ಗುಹೆಯಲ್ಲಿ ಉಳುಕಿದ ಪಾದ ಹೊರಗಿನ ಮುರಿದ ಕಾಲಿಗೆ ಸಮ. ನಿಧಾನ ನಡೆಯುವವರನ್ನು ಮುಂದೆ ಬಿಡಿ.

ದಾರಿ ಕವಲಾದ ಕಡೆಯೆಲ್ಲ ನಿಂತು ಹಿಂದೆ ತಿರುಗಿ ನೋಡಿ. ಹೋಗುವಾಗ ಕಂಡ ದಾರಿ ಬರುವಾಗ ಬೇರೆಯೇ ಕಾಣುತ್ತದೆ. ಬಣ್ಣದ ಬಾಣ, ಕೆತ್ತನೆ ಬೇಡ. ಹೊಳೆಯುವ ಟೇಪಿನ ತುಂಡು ಕಲ್ಲಿನ ಕೆಳಗೆ ಸಿಕ್ಕಿಸಿ, ವಾಪಸ್ ಬರುವಾಗ ಎಣಿಸಿ ತೆಗೆದುಕೊಳ್ಳಿ.

ಹರಿಯುವ ನೀರು ಮೊಣಕಾಲು ದಾಟಿದರೆ ದಾಟಬೇಡಿ. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಎಲೆ ತೇಲಿ ಬಂದರೆ, ನೀರಿನ ಸದ್ದು ಬದಲಾದರೆ, ಗಾಳಿ ಹೊಸದಾಗಿ ಬೀಸಿದರೆ ಗಡಿಯಾರ ನೋಡುವುದು ಬೇಡ, ತಕ್ಷಣ ಹೊರಡಿ. ಹೊರಗಿನ ದಾರಿ ಆಗಲೇ ಮುಳುಗಿದ್ದರೆ ಈಜಲು ಹೋಗಬೇಡಿ. ಹಳೆಯ ನೀರಿನ ಗುರುತಿಗಿಂತ ಎತ್ತರದ ಜಾಗಕ್ಕೆ ಹತ್ತಿ, ಒಂದು ದೀಪ ಮಾತ್ರ ಉರಿಸಿ, ಒಟ್ಟಿಗೆ ಕೂತು ಕಾಯಿರಿ. ಥಾಮ್ ಲುಆಂಗ್‌ನ ಮಕ್ಕಳು ಬದುಕಿದ್ದು ಹಾಗೆ.

ದಾರಿ ತಪ್ಪಿದರೂ ಅಷ್ಟೇ. ಅಲೆಯಬೇಡಿ. ಎತ್ತರದಲ್ಲಿ ಕೂರಿ, ಸೀಟಿ ಊದಿ. ಹೊರಗಿನವರಿಗೆ ಗಂಟೆ ಬರೆದುಕೊಟ್ಟಿದ್ದೀರಲ್ಲ, ಅವರು ಜನರನ್ನು ಕಳಿಸುತ್ತಾರೆ.

ಗಾಳಿಯ ಬಗ್ಗೆ ಒಂದು ಮಾತು. ಕೊಳೆಯುವ ಎಲೆ, ಬಾವಲಿ ಹಿಕ್ಕೆ ಇರುವ ತಗ್ಗಿನಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರಬಹುದು. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಉರಿ ಆರುವುದು ಆಮ್ಲಜನಕ ಕಡಿಮೆಯಾದಾಗ. ಉರಿ ಚೆನ್ನಾಗಿರುವಾಗಲೇ ಡೈಆಕ್ಸೈಡ್ ಅಪಾಯದ ಮಟ್ಟ ಮುಟ್ಟಿರಬಹುದು. ಸುಮ್ನೆ ನಿಂತಿದ್ದರೂ ಏದುಸಿರು, ತಲೆನೋವು, ಎದೆ ಢವಢವ ಬಂದರೆ ಬಂದ ದಾರಿಯಲ್ಲೇ ತಿರುಗಿ.

ಹಂತ 7: ನೋಡುವುದು, ಮುಟ್ಟದೆ

ಚಾವಣಿಯಿಂದ ಇಳಿಯುವುದು ಸ್ಟ್ಯಾಲಕ್ಟೈಟ್, ನೆಲದಿಂದ ಏರುವುದು ಸ್ಟ್ಯಾಲಗ್ಮೈಟ್, ಎರಡೂ ಸೇರಿದರೆ ಕಂಬ. ಇವೆಲ್ಲಕ್ಕಿಂತ ನನಗೆ ಇಷ್ಟ ಸೋಡಾ ಸ್ಟ್ರಾ ಎನ್ನುವ ಪುಟ್ಟ ಕೊಳವೆ. ಒಂದು ಹನಿಯಷ್ಟೇ ದಪ್ಪ, ಒಳಗೆ ಟೊಳ್ಳು. ಅದರ ತುದಿಯಲ್ಲಿ ನಿಂತ ಹನಿಗೆ ಪಕ್ಕದಿಂದ ಬೆಳಕು ಬಿಟ್ಟು ಕಾದು ನೋಡಿ. ಹನಿ ಊದುತ್ತದೆ, ನಡುಗುತ್ತದೆ, ಬೀಳುವುದಿಲ್ಲ. ಆ ಹೊತ್ತಿನಲ್ಲಿ ಅದರೊಳಗಿನ ಡೈಆಕ್ಸೈಡ್ ಗಾಳಿಗೆ ಹೋಗಿ, ಕರಗಿದ್ದ ಸುಣ್ಣ ಕೊಳವೆಯ ಅಂಚಿಗೆ ಉಂಗುರದ ಹಾಗೆ ಅಂಟುತ್ತದೆ. ಆಮೇಲೆ ಹನಿ ಬೀಳುತ್ತದೆ. ಹೀಗೆ ವರ್ಷವಿಡೀ ಸೇರಿದರೂ ಬೆಳೆಯುವುದು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಒಂದು ಬೆರಳು ತಾಗಿದರೆ ಮುರಿಯುತ್ತದೆ. ಮುರಿಯದಿದ್ದರೂ ಚರ್ಮದ ಎಣ್ಣೆ ಅಂಟಿದ ಕಡೆ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ, ಕಪ್ಪು ಕಲೆ ಉಳಿಯುತ್ತದೆ. ದಯವಿಟ್ಟು ಮುಟ್ಟಬೇಡಿ, ಮಕ್ಕಳಿಗೂ ಹೇಳಿಕೊಡಿ.

ಬಾವಲಿಗಳ ಮೇಲೆ ನೇರ ಬೆಳಕು ಬಿಡಬೇಡಿ, ಫ್ಲ್ಯಾಷ್ ಬೇಡ. ಮರಿ ಇರುವ ಕಾಲದಲ್ಲಿ ಗುಂಪು ಬೆದರಿ ಹಾರಿದರೆ ಮರಿಗಳು ಕೆಳಗೆ ಬಿದ್ದು ಸಾಯುತ್ತವೆ. ಒಣ ಹಿಕ್ಕೆಯ ದೂಳಿನಲ್ಲಿ ಹಿಸ್ಟೊಪ್ಲಾಸ್ಮಾ ಎಂಬ ಶಿಲೀಂಧ್ರ ಇರಬಹುದು, ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ತೊಂದರೆ. ಎನ್95 ಮಾಸ್ಕ್ ಹಾಕಿ. ಬಾವಲಿ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ರೇಬೀಸ್ ಚಿಕಿತ್ಸೆಗೆ ಹೋಗಿ. ಗಾಯ ಎಷ್ಟೇ ಸಣ್ಣದಿರಲಿ.

ಹಂತ 8: ಹೊರಗೆ ಬಂದ ಮೇಲೆ

ತಲೆ ಎಣಿಸಿ. ಕಾಯುತ್ತಿರುವವರಿಗೆ ಮೊದಲು ಫೋನ್ ಮಾಡಿ, ಆಮೇಲೆ ಉಳಿದದ್ದು. ತರಚು ಗಾಯಗಳನ್ನು ಶುದ್ಧ ನೀರಿನಲ್ಲಿ ತೊಳೆಯಿರಿ. ಶೂ, ಬಟ್ಟೆ, ಹಗ್ಗಕ್ಕೆ ಅಂಟಿದ ಕೆಸರನ್ನು ಪೂರ್ತಿ ತೊಳೆದು ಒಣಗಿಸದೆ ಇನ್ನೊಂದು ಗುಹೆಗೆ ಒಯ್ಯಬೇಡಿ. ಒಂದು ಗುಹೆಯ ಶಿಲೀಂಧ್ರ ಇನ್ನೊಂದಕ್ಕೆ ಹೋಗುವುದು ಹೀಗೇ.

ಮುಂದಿನ ಮೂರು ನಾಲ್ಕು ವಾರದಲ್ಲಿ ಜ್ವರ, ಒಣ ಕೆಮ್ಮು, ಮೈಕೈ ನೋವು ಬಂದರೆ ವೈದ್ಯರಿಗೆ ಗುಹೆಗೆ ಹೋಗಿದ್ದನ್ನು ನೀವೇ ಹೇಳಿ. ಹಿಸ್ಟೊಪ್ಲಾಸ್ಮಾ ಸೋಂಕಾಗಲಿ, ನೀರಿನಿಂದ ಬರುವ ಇಲಿಜ್ವರವಾಗಲಿ, ಸುಮ್ನೆ ನೋಡಿದರೆ ಮಾಮೂಲಿ ಜ್ವರದ ಹಾಗೇ ಇರುತ್ತದೆ. ಹೇಳದಿದ್ದರೆ ಅವರಿಗೆ ಆ ಕಡೆ ಅನುಮಾನವೇ ಬರದಿರಬಹುದು.

ಅದೇ ಸಂಜೆ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿಡಿ: ತಾರೀಕು, ಪಟ್ಟಿಯಲ್ಲಿದ್ದ ಇಳಿತದ ಸಮಯ, ಕಡ್ಡಿಯ ಹತ್ತಿರ ನೀರು ನಿಜವಾಗಿ ತಿರುಗಿದ ಸಮಯ, ಗೋಡೆಯಲ್ಲಿ ಕಂಡ ಅತಿ ಎತ್ತರದ ನೀರಿನ ಗುರುತು. ಮುಂದಿನ ಸಲ ಆ ಗುಹೆಗೆ ಹೋಗುವವರಿಗೆ ಇದನ್ನು ಕೊಡಿ.